ಸದ್ದು ಕೊಡುವ ನೆಲ

ಆ ಮನೆಯ ಅತ್ತಿಗೆಗೆ ಹೆದರಿಕೆ ಅನ್ನೋದು ಸೆರಗಿಗೆ ಕಟ್ಟಿಕೊಂಡ ಗಂಟಿನ ಹಾಗೆ. ಎಲ್ಲಿ ಹೋದರೂ ಜೊತೆಗೇ. ಆ ಹೆದರಿಕೆಯ ಬೇರು ಇದ್ದದ್ದು ಮನೆಯ ಕೆಳಗೆ, ನೆಲಮಾಳಿಗೆಯಲ್ಲಿ.

ಅಲ್ಲಿ ಅವಳ ಮೈದುನ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದ. ಮೀಸೆ ಚಿಗುರುವ ವಯಸ್ಸಲ್ಲಿ ಜ್ವರ ಬಂದು ಎರಡೂ ಕಣ್ಣು ಹೋಗಿದ್ದವು. ಈಗ ತಲೆ ಅರ್ಧ ಬೆಳ್ಳಗಾಗಿದೆ. ಬೀದಿಯವರು ಅವನನ್ನು ಕುರ್ಚಿದೊರೆ ಅಂತ ಕರೆಯುತ್ತಿದ್ದರು. "ಊರಿಗೆಲ್ಲ ಕುರ್ಚಿ ಕೊಡೋ ದೊರೆ, ಕೂರೋದು ಮಾತ್ರ ನೆಲದ ಮೇಲೆ" ಅಂತ ಅವನೂ ನಗುತ್ತಿದ್ದ. ಅವಳ ಗಂಡ ಕಣ್ಣು ಮುಚ್ಚುವಾಗ ಆಡಿದ್ದು ಒಂದೇ ಮಾತು: "ನನ್ನ ತಮ್ಮ ಬೀಳದ ಹಾಗೆ ನೋಡ್ಕೋ."

ಬೀಳೋದಕ್ಕೆ ಜಾಗವೂ ಇತ್ತು. ನೆಲಮಾಳಿಗೆಯ ಮೂಲೆಯಲ್ಲಿ ಒಂದು ಗುಂಡಿ. ಅಡಿಯಿಂದ ಒಸರುವ ನೀರು ಅದರಲ್ಲಿ ಕೂಡುತ್ತದೆ, ಪಂಪು ಎತ್ತಿ ಹೊರಗೆ ಹಾಕುತ್ತದೆ. ಒಂದಾಳು ಮುಳುಗುವಷ್ಟು ಆಳ. ಮೇಲೆ ಮರದ ಹಲಗೆಯ ಮುಚ್ಚಳ. ಹೋದ ತಿಂಗಳು ಆ ಹಲಗೆ ಜಾರಿ ಅವನ ಒಂದು ಕಾಲು ತೊಡೆಯವರೆಗೆ ಒಳಗೆ ಹೋಗಿತ್ತು. ಅಂಚು ಹಿಡಿದು ಹೇಗೋ ಎದ್ದು ಬಂದ. "ನೀರು ತಣ್ಣಗಿದೆ ಅತ್ತಿಗೆ, ಬೇಸಿಗೆಗೆ ಒಳ್ಳೇದು" ಅಂದ. ಅವಳಿಗೆ ಅವತ್ತಿನಿಂದ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ.

ಇದರ ಜೊತೆಗೆ ಹಳೇ ಸಿಮೆಂಟು ನೆಲ ಪುಡಿಪುಡಿಯಾಗಿ ಏಳುತ್ತಿತ್ತು. ತೇವಕ್ಕೆ ಬೆತ್ತ ಬೂಷ್ಟು ಹಿಡಿಯುತ್ತಿತ್ತು, ಅವನ ಎದೆ ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ನೆಲ ಮಾಡಿಸಿ, ಇಲ್ಲವೇ ಇವರನ್ನ ಮೇಲೆ ಕೂರಿಸಿ ಅಂದರು ಡಾಕ್ಟರು.

"ಮೇಲೆ ನಾನು ನೆಂಟ, ಕೆಳಗೆ ಯಜಮಾನ. ನೆಲಾನೇ ಮಾಡ್ಸಿ" ಅಂದುಬಿಟ್ಟ ಅವನು.

ಹಾಗೆ ಅವಳು ನೆಲದ ಸಾಮಾನಿನ ಅಂಗಡಿಗೆ ಹೋದಳು. ಹೋದವಳೇ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿಕೊಂಡು, ಸಾಲಾಗಿ ಹಾಸಿಟ್ಟ ಮಾದರಿಗಳ ಮೇಲೆ ನಡೆಯತೊಡಗಿದಳು.

"ಅಮ್ಮಾ, ತಲೆ ಸುತ್ತುತ್ತಾ?" ಅಂಗಡಿಯವನು ಗಾಬರಿಯಾದ.

"ಇಲ್ಲಪ್ಪ. ಕಣ್ಣಿಲ್ಲದೋರಿಗೆ ನೆಲ ತಗೋಬೇಕು. ಕಣ್ಣು ಬಿಟ್ಕೊಂಡು ಹೇಗೆ ಆರಿಸ್ಲಿ?"

ಹೊಳೆಯುವ ಟೈಲ್ಸ್ ತೋರಿಸಿದ. ಅವಳು ಅದರ ಮೇಲೆ ಎರಡು ಹನಿ ನೀರು ಹಾಕಿಸಿ ಕಾಲಿಟ್ಟಳು, ಸರ್ರನೆ ಜಾರಿ ಅವನ ತೋಳನ್ನೇ ಹಿಡಿದಳು. ಮರದ ಪಟ್ಟಿ ಕೇಳಿದರೆ, "ತೇವ ಇರೋ ಕಡೆ ಬೇಡಮ್ಮ, ಊದ್ಕೊಂಡು ಏಳುತ್ತೆ" ಅಂತ ಅವನೇ ಅಂದ. ಕೊನೆಗೆ ಸಿಕ್ಕಿತು ದಪ್ಪ ರಬ್ಬರಿನ ಹಾಸು. ಕಾಲಿಟ್ಟರೆ ಬೆಕ್ಕು ನಡೆದಷ್ಟೂ ಸದ್ದಿಲ್ಲ. ಇದರ ಮೇಲೆ ಬಿದ್ದರೂ ಮೂಳೆ ಉಳಿಯುತ್ತದೆ ಅಂತ ಅವಳ ಹೆದರಿಕೆ ಹೇಳಿತು. ಒಂದು ಉದ್ದನೆಯ ತುಂಡನ್ನು ಪರೀಕ್ಷೆಗೆ ಅಂತ ಮನೆಗೆ ತಂದಳು.

ಮಾರನೇ ದಿನ ಗಾರೆಯವನು ಅಳತೆಗೆ ಬಂದು ಹೋಗಿದ್ದ. ಮೈದುನ ಸ್ನಾನಕ್ಕೆ ಮೇಲೆ ಬಂದಿದ್ದ. ಇದೇ ಸಮಯ ಅಂತ ಅವಳು ಕೆಳಗಿಳಿದು, ಮೆಟ್ಟಿಲ ಬುಡದಿಂದ ಬೆತ್ತದ ರಾಶಿಯ ಕಡೆಗೆ ರಬ್ಬರು ಹಾಸಿ, ಕಣ್ಣು ಮುಚ್ಚಿ ನಡೆದಳು.

ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಕಾಲಡಿ ಮೆತ್ತಗೆ, ಕಿವಿಗೆ ಏನೂ ಇಲ್ಲ. ಗೋಡೆ ಬಲಕ್ಕೋ ಎಡಕ್ಕೋ? ತಾನು ನಡೆಯುತ್ತಿದ್ದೇನೋ ನಿಂತಿದ್ದೇನೋ ಅನ್ನುವಷ್ಟು ಮಂಕು ಕವಿಯಿತು. ಕಣ್ಣು ಬಿಡಬಹುದಿತ್ತು. ಆದರೆ ಅವನು ಬಿಡಲಾರನಲ್ಲ ಅಂತ ಹಟ ಹಿಡಿದಳು. ಕಾಲು ಹಾಸಿನಿಂದ ಆಚೆ ಬರೀ ಸಿಮೆಂಟಿನ ಮೇಲೆ ಬಿತ್ತು.

"ಅತ್ತಿಗೆ! ಅಲ್ಲೇ ನಿಲ್ಲಿ! ಕಾಲು ಎತ್ತಬೇಡಿ!"

ಮೆಟ್ಟಿಲ ಮೇಲಿಂದ ಮೈದುನನ ಕೂಗು. ಅವಳು ಕಣ್ಣು ಬಿಟ್ಟಳು. ಕಾಲ್ಬೆರಳ ತುದಿಯಲ್ಲೇ ಕಪ್ಪು ನೀರು ಬಾಯಿ ತೆರೆದುಕೊಂಡಿತ್ತು. ಅಳತೆಗೆ ಅಂತ ಎತ್ತಿದ ಮುಚ್ಚಳವನ್ನು ಗಾರೆಯವನು ಗೋಡೆಗೆ ಒರಗಿಸಿ ಮರೆತುಹೋಗಿದ್ದ; ಮೂಲೆಯ ಕತ್ತಲಲ್ಲಿ ಅವಳೂ ಅದನ್ನು ಗಮನಿಸಿರಲಿಲ್ಲ. ಹಿಂದಕ್ಕೆ ಸರಿದವಳು ಬೆತ್ತದ ರಾಶಿಯ ಮೇಲೇ ಕುಸಿದಳು.

ಅವನು ಒದ್ದೆ ಮೈಯಲ್ಲೇ ಗೋಡೆ ಸವರಿಕೊಂಡು ಬಂದು ಪಕ್ಕದಲ್ಲಿ ಕೂತ.

"ನಾನಿಲ್ಲಿದೀನಿ ಅಂತ ಹೇಗೆ ಗೊತ್ತಾಯ್ತೋ ನಿಂಗೆ?"

"ಮೆಟ್ಟಿಲು ಇಳಿದಿದ್ದು ಕೇಳಿಸ್ತು. ಆಮೇಲೆ ನಿಮ್ಮ ಹೆಜ್ಜೆ ಸತ್ತೇಹೋಯ್ತು. ಏನಾಯ್ತಪ್ಪ ಅಂತ ಬಾಗಿಲಿಗೆ ಬಂದೆ, ಅಷ್ಟರಲ್ಲಿ ಗುಂಡಿ ಮಾತಾಡ್ತು. ಅದರ ಹತ್ತಿರ ನೆಲ ತುಳಿದ್ರೆ ಖಾಲಿ ಮಡಕೆ ತಟ್ಟಿದ ಹಾಗೆ ಸದ್ದು ಬರುತ್ತೆ. ಇಷ್ಟು ವರ್ಷ ನನ್ನ ಕಾದಿದ್ದು ಅದೇ."

"ಮತ್ತೆ ಹೋದ ತಿಂಗಳು ಯಾಕೆ ಕಾಯ್ಲಿಲ್ಲ?"

ಉತ್ತರ ಅವಳಿಗೇ ಹೊಳೆಯಿತು. ಎಡವಿದರೂ ನೋವಾಗದಿರಲಿ ಅಂತ ಗುಂಡಿಯ ಸುತ್ತ, ಮುಚ್ಚಳದ ಮೇಲೆಲ್ಲ ಹಳೇ ಕಂಬಳಿಗಳನ್ನು ಮಡಿಸಿ ಹಾಸಿದ್ದು ಅವಳೇ. ಅವನು ಬಿದ್ದದ್ದು ಅದರ ಮಾರನೇ ದಿನ. ಒದ್ದೆಯಾದುವೆಂದು ಅವನ್ನು ತೆಗೆದು ಒಣಹಾಕಿದ್ದೂ ಅವಳೇ.

"ನಾನೇ ಅದರ ಬಾಯಿ ಮುಚ್ಚಿದ್ದೆ... ಗೊತ್ತಿದ್ದೂ ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ಹೆದರ್ತಿದ್ರಿ."

"ಹೇಳದೇ ಇದ್ದಾಗ ನಾನೇನು ಕುಣೀತಿದ್ನಾ?"

ಇಬ್ಬರೂ ನಕ್ಕರು.

ರಬ್ಬರು ಅಂಗಡಿಗೆ ವಾಪಸ್ಸಾಯಿತು. ತೇವ ತಡೆಯುವ ಲೇಪ ಬಳಿಸಿ, ಮೇಲೆ ಹೊಳಪಿಲ್ಲದ ತರಿತರಿ ಟೈಲ್ಸ್ ಹಾಕಿಸಿದರು. ಗುಂಡಿಯ ಸುತ್ತ ಪಾದಕ್ಕೆ ಚುಚ್ಚುವಂತೆ ಬೆಣಚುಕಲ್ಲಿನ ಪಟ್ಟಿ. ಮುಚ್ಚಳ ಕಬ್ಬಿಣದ್ದು, ಬೋಲ್ಟು ಬಿಗಿದದ್ದು. "ಎಲ್ಲರೂ ಸದ್ದಿಲ್ಲದ ನೆಲ ಕೇಳ್ತಾರೆ, ನೀವೊಬ್ಬರೇ ಸದ್ದು ಕೇಳಿದೋರು" ಅಂದ ಗಾರೆಯವನು. "ನೀನು ಮುಚ್ಚಳ ಮುಚ್ಚೋದು ಕಲಿ ಮೊದ್ಲು" ಅಂತ ಅವಳು ಸಿಡಿದಳು.

ಮೊದಲ ದಿನ ಕೈ ಹಿಡಿದು ಇಳಿಸೋಕೆ ಹೋದಳು.

"ನೀವು ಮೇಲೇ ಇರಿ ಅತ್ತಿಗೆ. ನಿಮ್ಮ ಎದೆ ಬಡಿತದಲ್ಲಿ ನಂಗೆ ನೆಲ ಕೇಳಿಸಲ್ಲ."

ಅವಳು ಮೆಟ್ಟಿಲ ತುದಿಯಲ್ಲಿ ಕಟಕಟೆ ಹಿಡಿದು ನಿಂತಳು. ಕೆಳಗೆ ಅವನ ಹೆಜ್ಜೆ ಟಪ್, ಟಪ್ ಅಂತ ಹೊಸ ನೆಲದ ಮೇಲೆ ಹೊರಟಿತು. ಮೂಲೆಯ ಕಡೆ ತಿರುಗಿತು. ನಿಂತಿತು. ಅವಳ ಉಸಿರೂ ನಿಂತಿತು.

ಆಮೇಲೆ ಕಬ್ಬಿಣ ಠಣ್ ಅಂದಿತು. ಅವನು ಬೆರಳ ಗೆಣ್ಣಿನಿಂದ ಮುಚ್ಚಳ ತಟ್ಟಿದ್ದ. ಹೆಜ್ಜೆ ಬೆತ್ತದ ಕಡೆ ತಿರುಗಿತು.

ಈಗಲೂ ದಿನಾ ಬೆಳಗ್ಗೆ ಅವನು ಕೆಳಗಿಳಿದಾಗ ಅವಳು ಒಲೆಯ ಮೇಲಿನ ಪಾತ್ರೆಯನ್ನು ಹಾಗೇ ಬಿಟ್ಟು ಮೆಟ್ಟಿಲ ತುದಿಗೆ ಬಂದು ನಿಲ್ಲುತ್ತಾಳೆ. ಆ ಠಣ್ ಕೇಳಿದ ಮೇಲೇ ಕಟಕಟೆಯಿಂದ ಕೈ ತೆಗೆಯುತ್ತಾಳೆ.