ಹತ್ತಿಯ ಹಿಮ

ಇಚಲಕರಂಜಿಯ ಗಣಪತಿ ಮಂಡಳಗಳ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ದೇವರ ಮೇಲಲ್ಲ, ದೇವರನ್ನು ಮುಂದಿಟ್ಟುಕೊಂಡು ಮೆರೆಯುವವರ ಮೇಲೆ.

ಚೀನಾ ಯುದ್ಧ ಮುಗಿದ ಮೇಲೆ ನಮ್ಮವರನ್ನು, ಅಂದರೆ ನನ್ನ ಯಜಮಾನರನ್ನು, ಸೈನ್ಯದಿಂದ ಬಿಡಿಸಿ ಮನೆಗೆ ಕಳಿಸಿದ್ದರು. ಬಲಗಾಲಿನ ಎರಡು ಬೆರಳನ್ನು ಹಿಮ ತಿಂದಿತ್ತು. ಹೊಟ್ಟೆ ಕೇಳಬೇಕಲ್ಲ, ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗಕ್ಕೆ ನಿಂತರು. ದುಡಿಮೆಯಲ್ಲಿ ಕುಂದಿರಲಿಲ್ಲ. ಮನೆಗೆ ಬಂದರೆ ಮಾತ್ರ ಒಂದೇ ಚಾಳಿ: ಮಲಗಿದ ಮಕ್ಕಳ ಅಂಗಾಲು ಮುಟ್ಟಿ ನೋಡುವುದು, ಗಸಗಸ ತಿಕ್ಕುವುದು. ಮೇ ತಿಂಗಳ ಸೆಖೆಯಲ್ಲಿ ಮಕ್ಕಳು ಬೆವರಿ ಒದ್ದಾಡುತ್ತಿದ್ದರೂ ಇವರು ಕಾಲು ತಿಕ್ಕುತ್ತ ಕೂತಿರುತ್ತಿದ್ದರು. ನಾನು ರೇಗುತ್ತಿದ್ದೆ. ಒಂದು ದಿನ ತಾವಾಗಿಯೇ ಹೇಳಿದರು, "ಗಡಹಿಂಗ್ಲಜದಾಂವ ಒಬ್ಬ ಇದ್ದ. ಕಾಲ ಕಲ್ಲ ಆಗಿದ್ವು. ತಿಕ್ಕಾಕತ್ತಿದ್ನಿ. ಎದ್ದ ನಡೀರಿ ಅಂತ ಹುಕುಂ ಬಂತು. ಬಿಟ್ಟ ಬಂದ್ನಿ." ಅಷ್ಟೇ. ಸತ್ತ ಎಂಬ ಮಾತು ಮಾತ್ರ ಅವರ ಬಾಯಿಂದ ಹೊರಡಲಿಲ್ಲ.

ಗಡಹಿಂಗ್ಲಜ ನನ್ನ ತವರು. ಆ ಸಿಪಾಯಿಯ ತಾಯಿ ಸಂತೆಯಲ್ಲಿ ನನ್ನ ಅವ್ವನನ್ನು ಕಂಡಾಗಲೆಲ್ಲ ಕೈ ಹಿಡಿದುಕೊಳ್ಳುತ್ತಿದ್ದಳಂತೆ. "ನಿನ್ನ ಅಳ್ಯಾಗ ಒಮ್ಮಿ ಬಂದ ಹೋಗಂತ ಹೇಳವಾ. ನನ್ನ ಮಗಾ ಹೆಂಗ ಹೋದ ಅನ್ನೂದ ಒಂದ ಕೇಳಬೇಕ." ಸರ್ಕಾರದ ತಂತಿ ಬಂದಿತ್ತು. ತಂತಿ ಎಷ್ಟು ಹೇಳೀತು? ಇವರು ಹೋಗಲೊಲ್ಲರು. ಕೊನೆಗೆ ನನ್ನ ತವರಿಗೆ ಕಾಲಿಡುವುದನ್ನೇ ಬಿಟ್ಟರು.

ಒಂದು ವರ್ಷ ಗಣಪತಿ ಹಬ್ಬಕ್ಕೆ ನಮ್ಮ ಓಣಿಯ ಮಂಡಳ ಯುದ್ಧದ ದೇಖಾವಾ ಮಾಡಿತು. ಮನುಷ್ಯರಿಗೇ ವೇಷ ಹಾಕಿ, ಅಲುಗಾಡದಂತೆ ನಿಲ್ಲಿಸಿ ತೋರಿಸುವ ದೃಶ್ಯಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಪಿಂಜಾರರಿಂದ ಗಾದಿಗೆ ತುಂಬುವ ಹತ್ತಿ ತಂದು ಹಿಮಾಲಯ ಎಬ್ಬಿಸಿದರು. ಕಟ್ಟಿಗೆಯ ಬಂದೂಕು ಹಿಡಿದು ಇಬ್ಬರು ನಿಂತರು. ಶೆಡ್ಡಿನಲ್ಲಿ ನೂಲಿನ ಕಾಂಡಿ ಸುತ್ತುವ ತರುಣನೊಬ್ಬ ಹುತಾತ್ಮನಾಗಿ, ಬರಿಗಾಲಲ್ಲಿ, ಹತ್ತಿಯೊಳಗೆ ಅರ್ಧ ಹೂತು ಮಲಗಿದ. ಉದ್ಘಾಟನೆಗೆ ನಮ್ಮವರನ್ನು ಕರೆದರು. ಓಣಿಯಲ್ಲಿ ಯುದ್ಧ ಕಂಡವರು ಬೇರೆ ಯಾರಿದ್ದರು?

ಪರದೆ ಸರಿದದ್ದೇ ತಡ, ಇವರು ಕೊರಳಲ್ಲಿ ಹಾರ ಇದ್ದ ಹಾಗೆಯೇ ಹತ್ತಿಯೊಳಗೆ ಇಳಿದರು. ಎರಡೂ ಕೈಯಿಂದ ಹತ್ತಿ ಬಗೆದು, ಆ ತರುಣನ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕತೊಡಗಿದರು. "ಏಳಪಾ, ಏಳು. ಸ್ವಲ್ಪ ನಡದ ಬಿಡು." ಅವನಿಗೆ ಕಚಗುಳಿಯಾಯಿತು. ತಡೆಯುವಷ್ಟು ತಡೆದು ಕೊನೆಗೆ ನಗುತ್ತ ಎದ್ದು ಕೂತ. ಜನ ಇದೂ ದೇಖಾವಾದ ಭಾಗವೆಂದು ಚಪ್ಪಾಳೆ ತಟ್ಟಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಆದರೆ ಅಂದು ಅವರು ಮನೆಗೆ ಬಂದು ಹೊಟ್ಟೆ ತುಂಬ ಉಂಡರು. ಮಕ್ಕಳ ಕಾಲು ಮುಟ್ಟದೆ ಮಲಗಿದರು. "ಅಂವ ಎದ್ದ" ಎಂದರು ನನಗೆ.

ಮರುದಿನ ಮಂಡಳದ ಅಧ್ಯಕ್ಷ ತೆಂಗಿನಕಾಯಿ ಹಿಡಿದು ಬಂದ. "ವೈನಿ, ಅಣ್ಣಾರು ದಿನಾ ಸಂಜಿಗೆ ಬಂದ ಅಷ್ಟ ಮಾಡ್ಲಿ. ಜನಾ ಭಾಳ ಮೆಚ್ಯಾರ."

"ಅವರೇನ ನಾಟಕದಾವರೇನ್ರಿ? ನಾಚಿಕಿ ಬರೂದಿಲ್ಲೇನ ನಿಮಗ?" ಎಂದು ಬಾಗಿಲಲ್ಲೇ ಝಾಡಿಸಿದೆ. ಒಳಗಿನಿಂದ ನಮ್ಮವರು ಚಪ್ಪಲಿ ಮೆಟ್ಟಿಕೊಂಡೇ ಬಂದರು. "ಹೋಗಬೇಕ" ಎಂದರು. ಆಮೇಲೆ ನಾನೂ ಬಾಯಿ ಮುಚ್ಚಿದೆ. ಪ್ರತಿ ಸಂಜೆ ಆ ತರುಣ ಏಳುತ್ತಿದ್ದ, ಇವರು ಉಣ್ಣುತ್ತಿದ್ದರು. ಯಾವ ಡಾಕ್ಟರೂ ಮಾಡದ ಉಪಕಾರವನ್ನು ಗಾದಿಯ ಹತ್ತಿ ಮಾಡುತ್ತಿದ್ದರೆ ನಾನ್ಯಾಕೆ ಅಡ್ಡ ಬರಲಿ?

ವಿಸರ್ಜನೆಯ ಹಿಂದಿನ ಸಂಜೆ, ಬಹುಮಾನ ಕೊಡುವ ಪರೀಕ್ಷಕರು ಕೊಲ್ಹಾಪುರದಿಂದ ಬಂದರು. ಅಂದು ಇವರು ತಿಕ್ಕಿಯೇ ತಿಕ್ಕಿದರು. ತರುಣ ಏಳಲಿಲ್ಲ. ತುಟಿ ಕಚ್ಚಿ, ಕಣ್ಣು ಬಿಗಿದು ಹೆಣದ ಹಾಗೆ ಬಿದ್ದಿದ್ದ. ಏಳು, ಏಳು ಎನ್ನುತ್ತಿದ್ದ ಇವರ ದನಿ ಒಡೆಯಿತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಅಧ್ಯಕ್ಷನ ಹತ್ತಿರ ಓಡಿದೆ. "ಅವಗ ಏಳಂತ ಹೇಳ್ರಿ."

"ಏಳಬ್ಯಾಡ ಅಂತ ನಾನ ಹೇಳೇನಿ, ವೈನಿ. ಎದ್ದರ ಜನಾ ನಗತಾರ. ಏಳಲಿಲ್ಲಂದ್ರ ಅಳತಾರ. ಪಯಲಾ ನಂಬರ ನಮ್ದ."

ನಂಬರ್ ಅವರದೇ ಆಯಿತು. ಗುಲಾಲು ಹಾರಿತು. ಗುಲಾಲು ಮೆತ್ತಿದ ತಲೆಯ ಇವರನ್ನು ಕೈ ಹಿಡಿದು ಮನೆಗೆ ಕರೆತಂದೆ. ಉಣ್ಣಲಿಲ್ಲ.

ಎರಡು ದಿನ ಬಿಟ್ಟು ಆ ತರುಣ ಮನೆಗೆ ಬಂದು ಕಾಲಿಗೆ ಬಿದ್ದ. "ಅಣ್ಣಾ, ತಪ್ಪಾತ್ರಿ. ನಾ ಚೊಲೊ ಅದೀನ್ರಿ, ನೋಡ್ರಿ." ನಮ್ಮವರು ಅವನ ಮುಖವನ್ನೇ ದಿಟ್ಟಿಸಿದರು. "ನೀ ಅವನ ತಮ್ಮ ಏನಪಾ? ಹಂಗ ಕಾಣತಿ." ತರುಣ ನನ್ನ ಕಡೆ ನೋಡಿದ. ಆಮೇಲೆ ಮೆಲ್ಲಗೆ, "ಹೌದ್ರಿ" ಎಂದ.

ಚಾಪೆ ಹಾಸಿ ಅವನನ್ನು ಕೂಡ್ರಿಸಿಕೊಂಡು, ನನಗೆ ಎಂದೂ ಹೇಳದ್ದನ್ನು ಅವನಿಗೆ ಹೇಳಿದರು. ಸಿಪಾಯಿ ನೀರು ಕೇಳಿದ್ದು, ಹಿಮ ಕರಗಿಸಲು ಬೆಂಕಿ ಇಲ್ಲದ್ದು, ತಾವು ಎದ್ದು ನಡೆದಾಗ ಹೆಸರು ಹಿಡಿದು ಕೂಗಿದ್ದು. "ನಾ ಹೊಳ್ಳಿ ನೋಡ್ಲಿಲ್ಲಪಾ. ನಿಮ್ಮಣ್ಣ ಸತ್ತ. ಅವ್ವಗ ಹೇಳು." ತರುಣ ಅಳುತ್ತ ತಲೆಯಾಡಿಸಿದ.

ಅಲ್ಲಿಂದ ಮುಂದೆ ನಮ್ಮವರು ನನ್ನ ತವರಿಗೆ ಆರಾಮಾಗಿ ಬರತೊಡಗಿದರು. ಆ ತಾಯಿಯ ಮನೆಗೆ ಒಮ್ಮೆ ಹೋಗೋಣ ನಡೀರಿ ಎಂದರೆ, "ಹೇಳಿ ಕಳಿಸೇನಲ್ಲ, ಮತ್ತ್ಯಾಕ?" ಎನ್ನುತ್ತಿದ್ದರು. ಎಷ್ಟು ಬಡಿದುಕೊಂಡರೂ ಅದೇ ಮಾತು.

ಕೊನೆಗೆ ನಾನೇ ಹೋದೆ. ಹೆಸರು ಹಿಡಿದು ಕೂಗಿದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಮುದುಕಿ, "ನೀ ಕಂಡಿಲ್ಲಲ್ಲವಾ" ಎಂದಳು. "ಕಂಡಾಂವ ಬಂದ ಹೇಳ್ಲಿ."

ಕಂಡವರು ಆಗ ಎರಡು ಓಣಿ ಆಚೆ, ನನ್ನ ತವರಿನ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದರು.