ಬುರುಡೆ ತೊಳೆದ ಪರಾತ

ದೆವ್ವ, ಗಾಳಿ, ಸೋಂಕು ಎನ್ನುವವರನ್ನು ಕಂಡರೆ ನಾನು ನಗುತ್ತಿದ್ದೆ. ಹತ್ತನೆಯ ತರಗತಿ ಮುಗಿಸಿ ಗೋಕಾಕದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವನು ನಾನು. ಕರೆಂಟಿಲ್ಲದೆ ಯಾವುದೂ ಅಲುಗಾಡದು ಎಂಬುದಷ್ಟೇ ನನಗೆ ಗೊತ್ತಿದ್ದ ವೇದಾಂತ. ಈಗ ಬರೆಯುತ್ತಿರುವುದು ನನ್ನ ಮೇಲೆ ನನಗೇ ಹೇಸಿಕೆ ಹುಟ್ಟಿಸಿದ ಸಂಗತಿ. ಓದುವವರಿಗೂ ಹೇಸಿಕೆ ಬಂದರೆ ಅದು ನ್ಯಾಯವೇ.

ಗಣಪತಿ ಹಬ್ಬಕ್ಕೆ ಕೈಕಾಲು ಆಡಿಸುವ ಗೊಂಬೆಗಳನ್ನು ನಾನು ಮಾಡಿಕೊಡುತ್ತಿದ್ದೆ. ಅದನ್ನು ಕೇಳಿ, ಹತ್ತರಗಿ ಹತ್ತಿರ ಹೆದ್ದಾರಿ ಪಕ್ಕದ ಹೋಟೆಲಿನ ಮಾಲೀಕ ಹುಡುಕಿಕೊಂಡು ಬಂದ. ಹ್ಯಾಲೋವೀನ್ ಎಂಬ ಹಬ್ಬ ಮಾಡುವವನಿದ್ದ.

"ಪರದೇಶದವರ ಮಹಾಲಯ ಅಮಾಸಿ ಇದ್ದಂಗ ಕಾಕಾ. ಬಾಯಿ ತೆರೆದು ಮುಚ್ಚೋ ಬುರುಡಿ ಒಂದು ಮಾಡ್ಕೊಡ್ರಿ, ಬಾಗಿಲದಾಗ ಇಡ್ತೇನಿ" ಎಂದ.

ಮಣ್ಣು, ಕಾಗದ ಸೇರಿಸಿ ಒಂದು ಮಾಡಿ ಒಯ್ದೆ. ಅವನು ತಿರುಗಿಸಿ ನೋಡಿ, "ಇದು ಬುರುಡಿ ಅಲ್ರಿ ಕಾಕಾ, ಹಲ್ಲು ಕಿಸಿದ ಕುಂಬಳಕಾಯಿ. ಇದನ್ನ ನೋಡಿ ಗಿರಾಕಿ ಹೆದರೂದಿಲ್ಲ, ಪಲ್ಲೆ ಮಾಡ್ರಿ ಅಂತಾರ" ಎಂದ. ಅಲ್ಲಿದ್ದವರೆಲ್ಲ ನಕ್ಕರು. ಆ ನಗು ನನಗೆ ನಾಟಿತು.

ಅದೇ ವಾರ ನಾಗನೂರಿನಲ್ಲಿ ನಮ್ಮ ದೊಡ್ಡವ್ವ ತೀರಿಕೊಂಡಳು. ನಮ್ಮಲ್ಲಿ ಹೆಣವನ್ನು ಕೂರಿಸಿ, ಸುತ್ತ ವಿಭೂತಿ, ಉಪ್ಪು ತುಂಬಿ ಮಣ್ಣು ಮಾಡುತ್ತಾರೆ. ಮನೆತನದ ಜಾಗ ಚಿಕ್ಕದು. ಹೊಸ ಕುಣಿ ತೋಡಿದರೆ ಹಳಬರ ಎಲುಬು ಬರುತ್ತವೆ. ಅವನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಮತ್ತೆ ಅದೇ ಕುಣಿಯಲ್ಲಿ ಇಡುವುದು ಪದ್ಧತಿ. ಹಿರಿಯನೆಂದು ಆ ಕೆಲಸ ನನಗೆ ಬಂತು. ಒಂದು ಬುರುಡೆ ದವಡೆ ಸಹಿತ ಬಂದಿತ್ತು, ಒಂದು ಹಲ್ಲೂ ಬಿದ್ದಿರಲಿಲ್ಲ. ಉಳಿದ ಎಲುಬುಗಳ ಜೊತೆ ಬುರುಡೆಯ ಬದಲಿಗೆ ಪೂಜೆಯ ತೆಂಗಿನಕಾಯಿ ಇಟ್ಟು ಗಂಟು ಕಟ್ಟಿದೆ. ಬುರುಡೆ ನನ್ನ ಚೀಲ ಸೇರಿತು. ಆ ಗಂಟಿಗೆ ಎಲ್ಲರೂ ಕೈಮುಗಿದರು. ನಾನೂ ಮುಗಿದೆ.

ಮನೆಗೆ ಬಂದಾಗ ಹೆಂಡತಿ ಗೌರವ್ವ ಮೂಡಲಗಿಗೆ ತಂಗಿಯ ಮನೆಗೆ ಹೋಗಿದ್ದಳು. ಅವಳು ರೊಟ್ಟಿಹಿಟ್ಟು ನಾದುವ ಪರಾತದಲ್ಲೇ ಬುರುಡೆ ತೊಳೆದೆ. ಮೂಗಿನ ತೂತಿಗೆ ಬೆರಳು ಹಾಕಿ ಕೂದಲಿನಂಥ ಬೇರುಗಳನ್ನು, ಒದ್ದೆ ಉಪ್ಪಿನ ಗಂಟುಗಳನ್ನು ಕಿತ್ತೆ. ದವಡೆಯ ಒಳಬದಿಗೆ ನೆಂದ ಸಾಬೂನಿನಂಥದ್ದೇನೋ ಅಂಟಿತ್ತು, ಉಗುರಿನಿಂದ ಕೆರೆದೆ. ಬೂದಿ ಹಾಕಿ ತಿಕ್ಕಿ, ಪರಾತವನ್ನು ಇದ್ದಲ್ಲೇ ಕವಚಿ ಇಟ್ಟೆ. ಸಂಜೆ ಅವಳು ಮರಳಿ ಬಂದಾಗ, ಬುರುಡೆ ಪ್ಲಾಸ್ಟರಿನದು ಎಂದು ಹೇಳಿದೆ.

ಹಳೆಯ ಕಾರಿನ ವೈಪರ್ ಮೋಟರ್ ಕೆಳಗೆ ಕೂರಿಸಿ, ಒಂದು ಸರಳಿನಿಂದ ದವಡೆಗೆ ಜೋಡಿಸಿ, ಎರಡೂ ಕೆನ್ನೆಗೆ ಸ್ಪ್ರಿಂಗ್ ಹಾಕಿದೆ. ಬಾಯಿ ಟಕ್ ಟಕ್ ಎಂದು ಆಡಿತು. ನನಗೆ ಹೆಮ್ಮೆಯೇ ಆಯಿತು. ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ.

ಮರುದಿನದಿಂದ ರೊಟ್ಟಿ ಉಪ್ಪಾಯಿತು. ಜೋಳದ ರೊಟ್ಟಿಗೆ ನಮ್ಮಲ್ಲಿ ಯಾರೂ ಉಪ್ಪು ಹಾಕುವುದಿಲ್ಲ. "ಹಿಟ್ಟು ಬದಲಿ ಮಾಡಿದ್ನಿ, ನೀರು ಬದಲಿ ಮಾಡಿದ್ನಿ. ಬಾಯಾಗ ಇಡಾಕ ಆಗವಲ್ದರಿ" ಎಂದಳು ಗೌರವ್ವ. ನನ್ನ ಬಾಯಿಗೂ ಉಪ್ಪೇ. ಆದರೆ, "ನಿನ್ನ ನಾಲಿಗಿ ಕೆಟ್ಟೈತಿ" ಎಂದೆ. ಪರಾತದ ದೋಷವಿರಬಹುದೆಂದು ಏನೋ ನೆಪ ಹೇಳಿ ಹೊಸದು ತಂದೆ. ಅದರಲ್ಲಿ ನಾದಿದರೂ ಉಪ್ಪು. ಅವಳು ಮಜ್ಜಿಗೆಯ ಮೇಲೆ ದಿನ ದೂಡಿದಳು. ನಾಲ್ಕನೆಯ ದಿನ ಕೊಡ ಎತ್ತಲು ಹೋಗಿ ಕುಸಿದು ಕೂತಳು. ಡಾಕ್ಟರು ಏನೂ ಇಲ್ಲ ಎಂದರು. ಏನಿದೆ ಎಂದು ನನಗೆ ಗೊತ್ತಿತ್ತು. ಆದರೂ ಶನಿವಾರ ಬುರುಡೆ ಹತ್ತರಗಿಗೆ ಹೋಗಲಿ, ಆಮೇಲೆ ನೋಡೋಣ ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಟ್ರಂಕಿನ ಬೀಗ ತೆಗೆದೆ. ಕೀಲಿ ಇದ್ದದ್ದು ನನ್ನ ಉಡದಾರದಲ್ಲಿ. ದವಡೆ ಬಿಗಿಯಾಗಿ ಮುಚ್ಚಿತ್ತು. ಹೆಬ್ಬೆರಳು ಹಾಕಿ ಎಳೆದೆ. ಒಳಗೆ ಅಗಿದ ರೊಟ್ಟಿ ತುಂಬಿತ್ತು. ಹಲ್ಲಿನ ಸಂದಿಯಲ್ಲೆಲ್ಲ ಮೆತ್ತಿಕೊಂಡಿತ್ತು. ಬೆಚ್ಚಗಿತ್ತು. ಬೆರಳು ಹಿಂದೆಗೆದಾಗ ಎಂಜಲಿನ ಎಳೆ ನನ್ನ ಕೈವರೆಗೂ ಜಗ್ಗಿ ಬಂತು. ಅಲ್ಲೇ ವಾಂತಿ ಮಾಡಿಕೊಂಡೆ.

ಮೋಟರಿನಿಂದ ಬುರುಡೆ ಬಿಚ್ಚಿ, ಚೀಲಕ್ಕೆ ಹಾಕಿ, ನಾಗನೂರಿನ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ದೊಡ್ಡವ್ವನ ಮಗನಿಗೆ ಎಲ್ಲ ಹೇಳಿದೆ. ಅವನು ಬೈಯಲಿಲ್ಲ. "ಅಣ್ಣಾ, ಅಲ್ಲಿ ಇಟ್ಟು ದೂರ ನಿಲ್ಲು. ನೀ ಇನ್ನ ಮುಟ್ಟಬ್ಯಾಡ" ಎಂದ. ಅವನೇ ಹೂತ. ಅಂದಿನಿಂದ ಆ ಮನೆಯವರು ಯಾವ ಮಣ್ಣಿಗೂ ನನ್ನನ್ನು ಕರೆದಿಲ್ಲ.

ಆ ಸಂಜೆ ಗೌರವ್ವ ಎರಡು ರೊಟ್ಟಿ ತಿಂದಳು. "ಇವತ್ತ ನಾಲಿಗಿ ನೆಟ್ಟಗಾತು ನೋಡ್ರಿ" ಎಂದಳು.

ಇಲಿ ಇರಬಹುದು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಬೀಗ ಹಾಕಿದ ಟ್ರಂಕಿನಲ್ಲಿ ಇಲಿ ಅಗಿದು, ನುಂಗದೆ, ಬಿಸಿಯಾಗಿ ಇಟ್ಟು ಹೋಗುವುದು ಹೇಗೆ? ನನಗಿನ್ನೂ ತಿಳಿದಿಲ್ಲ.

ಗೌರವ್ವನಿಗೆ ಓದಲು ಬಾರದು. ಮೂರು ದಿನದಿಂದ ನಾನು ಬರೆಯುವುದನ್ನು ನೋಡಿ, "ಅಷ್ಟ ಏನ್ ಬರೀತೀರಿ, ನನಗೂ ಓದಿ ಹೇಳ್ರಿ" ಎನ್ನುತ್ತಿದ್ದಾಳೆ. ಮುಗಿದ ಮೇಲೆ ಓದುತ್ತೇನೆ ಎಂದಿದ್ದೆ. ಮುಗಿಯಿತು. ಒಳಗೆ ಅವಳು ಕಾಯುತ್ತಿದ್ದಾಳೆ.