ಗುಲಾಬಿಗೆ ತಂದ ಮೂಳೆಪುಡಿ

ಮೊನ್ನೆ ಹೊಸೂರಿನ ಗೊಬ್ಬರದಂಗಡಿಯಲ್ಲಿ ಯಾರೋ ಮೂಳೆಪುಡಿಯ ಚೀಲ ಬಿಚ್ಚಿದರು. ಸುಟ್ಟ ಉಗುರಿನಂಥ ಆ ವಾಸನೆ ತಡೆಯಲಾಗದೆ ಹೊರಗೆ ಬಂದು ನಿಂತೆ. ಉದ್ದನಪಲ್ಲಿಯ ನಮ್ಮ ಪಕ್ಕದ ಮನೆಯ ಅಕ್ಕ ಕಣ್ಣ ಮುಂದೆ ಬಂದಿದ್ದರು...

ಅವರಿಗೆ ಕಾಲು ಎಕರೆ ಗುಲಾಬಿ ತೋಟ, ಒಂದು ಹಸು. ನಮಗೂ ಒಂದು ಹಸುವಿತ್ತು. ಡೈರಿಯಲ್ಲಿ ಅವರ ಕ್ಯಾನು ತುಂಬಿರುತ್ತಿತ್ತು, ನಮ್ಮದು ಅರ್ಧ. ‘ಅವಳ ಕೈಗುಣ ಕಣಮ್ಮ. ನೀನು ಪುಸ್ತಕದಾಗೆ ಹಸ ಸಾಕ್ತೀಯ’ ಎಂದು ನನ್ನ ಅತ್ತೆ ಚುಚ್ಚುತ್ತಿದ್ದರು. ಪ್ರಾಣಿಶಾಸ್ತ್ರ ಓದಿ ಬಂದ ಸೊಸೆ ನಾನು. ಹೊಟ್ಟೆ ಉರಿಯುತ್ತಿತ್ತು.

ಗುಟ್ಟು ತಿಳಿಯಲು ಒಂದು ಬೆಳಿಗ್ಗೆ ಬೇಲಿಯಾಚೆ ಇಣುಕಿದೆ. ಗುಲಾಬಿಗೆಂದು ತಂದ ಮೂಳೆಪುಡಿಯನ್ನು ಅಕ್ಕ ಬೂಸಾಕ್ಕೆ ಕಲಸುತ್ತಿದ್ದರು.

‘ಗಿಡಕ್ಕೆ ಬಲ ಬತ್ತದೆ, ಹಸೂಗೆ ಬರಲ್ವಾ?’ ಎಂದು ನಕ್ಕರು.

ನಾನೂ ನಕ್ಕೆ. ಆದರೆ ಓದಿದ್ದು ನೆನಪಿತ್ತು. ಪರದೇಶದಲ್ಲಿ ಸತ್ತ ಕುರಿ, ದನಗಳ ಮಾಂಸ, ಮೂಳೆ ಅರೆದು ದನಗಳಿಗೇ ತಿನ್ನಿಸಿದ್ದರಿಂದ ಅವಕ್ಕೆ ಹುಚ್ಚುಹಸು ರೋಗ ತಗುಲಿತ್ತು. ಅದರಲ್ಲಿದ್ದದ್ದು ಕ್ರಿಮಿಯಲ್ಲ, ತಪ್ಪಾಗಿ ಮಡಿಚಿಕೊಂಡ ಒಂದು ಪ್ರೋಟೀನು, ಪ್ರಿಯಾನ್. ಕುದಿಸಿದರೂ ಹಾಳಾಗದು. ಪಕ್ಕದ ಪ್ರೋಟೀನನ್ನೂ ತನ್ನಂತೆ ಮಡಿಚುತ್ತ ಮಿದುಳನ್ನು ತೂತು ತೂತಾಗಿಸುತ್ತದೆ. ಕುರಿಯಿಂದ ಹಸುವಿಗೆ ಬಂದಿರಬಹುದೆಂಬುದು ಅಂದಾಜು. ಹಸುವಿನಿಂದ ಮನುಷ್ಯರಿಗೆ ದಾಟಿದ್ದಂತೂ ನಿಜ. ಅಕ್ಕನ ಚೀಲದಲ್ಲಿ ಯಾವ ಪ್ರಾಣಿಯ ಮೂಳೆಯಿತ್ತೋ ಯಾರಿಗೆ ಗೊತ್ತು? ಹೇಳಬೇಕಿತ್ತು. ಹೇಳಲಿಲ್ಲ. ಅವರ ಹಸು ಒಮ್ಮೆ ಮುಗ್ಗರಿಸಲಿ ಎಂದು ಕಾದೆ.

ಕೆಲವು ತಿಂಗಳ ಮೇಲೆ, ಕರು ಹಾಕಿದ ಮರುದಿನವೇ ಅದು ನಡುಗುತ್ತ ಕುಸಿದುಬಿತ್ತು. ಅಕ್ಕ ಅದರ ಕತ್ತು ತಬ್ಬಿ ಅಳುತ್ತಿದ್ದರು. ಓಡಿಹೋಗಿ, ‘ಮೂಳೆಪುಡಿ ಅಕ್ಕ, ಅದರಿಂದ್ಲೇ...’ ಎಂದು ಎಲ್ಲವನ್ನೂ ಒದರಿದೆ. ಅವರು ತಲೆಯೆತ್ತಿದರು.

‘ನಿಂಗೆ ಮೊದ್ಲೇ ಗೊತ್ತಿತ್ತಾ?’

ಆ ನೋಟ ಈಗಲೂ ನಿದ್ದೆಗೆಡಿಸುತ್ತದೆ.

ದನದ ಡಾಕ್ಟರು ಬಂದು, ಕರು ಹಾಕಿದ್ದಕ್ಕೆ ಕ್ಯಾಲ್ಸಿಯಂ ಇಳಿದಿದೆ ಅಷ್ಟೇ ಎಂದು ಬಾಟಲಿ ಏರಿಸಿದರು. ಸಂಜೆಯೊಳಗೆ ಹಸು ಎದ್ದು ನಿಂತಿತು. ಪ್ರಿಯಾನ್ ರೋಗ ತಲೆದೋರಲು ವರ್ಷಗಳೇ ಬೇಕು. ಅದನ್ನೂ ಓದಿದ್ದೆ, ಭಯದಲ್ಲಿ ಮರೆತಿದ್ದೆ. ಅಕ್ಕ ಉಳಿದ ಪುಡಿಯನ್ನೆಲ್ಲ ಗುಲಾಬಿಯ ಬುಡಕ್ಕೆ ಹೂತರು. ಎರಡು ದಿನ ಬಿಟ್ಟು, ಎಂದಿನಂತೆ ನಮ್ಮ ಮನೆಗೆ ಗಿಣ್ಣು ಕಳಿಸಿದರು. ನನ್ನ ಪಾಲನ್ನೂ ಅತ್ತೆಯ ತಟ್ಟೆಗೆ ಹಾಕಿದೆ.

ನಾನು ಮಾಡಿದ್ದನ್ನು ಅವರು ಕೊನೆಯವರೆಗೂ ಯಾರಿಗೂ ಹೇಳಲಿಲ್ಲ. ಹೋದ ವರ್ಷ ತೀರಿಕೊಂಡರು. ತಪ್ಪಾಯಿತು ಎನ್ನಲು ನನಗೆ ನಾಲಗೆಯೇ ಬಂದಿರಲಿಲ್ಲ... ‘ಅಂಥೋಳು ಇನ್ನೊಬ್ಳಿಲ್ಲ’ ಎಂದು ಅತ್ತೆ ಇವತ್ತಿಗೂ ಹೊಗಳುತ್ತಾರೆ. ಅದು ಎಷ್ಟು ನಿಜವೆಂಬುದು ಅತ್ತೆಗಿಂತ ನನಗೆ ಚೆನ್ನಾಗಿ ಗೊತ್ತು. ಹೌದೆಂದು ತಲೆಯಾಡಿಸುತ್ತೇನೆ. ಆಗಲೂ, ಸತ್ತವರ ಮೇಲೆ, ಹೊಟ್ಟೆಕಿಚ್ಚಾಗುತ್ತದೆ.